ಆಲೂಗಡ್ಡೆ ತೂಗಿ, ಬೀಟ್‌ರೂಟ್ ತೊಳೆದು: ಕೋಶಪೊರೆಯ ಕೆಲಸವನ್ನು ಮನೆಯಲ್ಲೇ ನೋಡುವ ಬಗೆ

ಅಭಿಸರಣೆ ಅಂದರೇನು ಎಂದು ಕೇಳಿದರೆ ಹೈಸ್ಕೂಲು ಮಕ್ಕಳು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಅದೇ ಮಕ್ಕಳನ್ನು ಅಡುಗೆಮನೆಗೆ ಕರೆದು, ಸೌತೆಕಾಯಿ ಕೋಸಂಬರಿಗೆ ಉಪ್ಪನ್ನು ಯಾಕೆ ಬಡಿಸುವ ಹೊತ್ತಿಗೇ ಹಾಕುತ್ತಾರೆ ಎಂದು ಕೇಳಿ. ಹೆಚ್ಚಿನವರು ಮುಖ ಮುಖ ನೋಡುತ್ತಾರೆ. ಎರಡು ಪ್ರಶ್ನೆಗೂ ಉತ್ತರ ಒಂದೇ. ಮೊದಲೇ ಉಪ್ಪು ಹಾಕಿಟ್ಟರೆ ಕೋಸಂಬರಿ ನೀರು ಬಿಡುತ್ತದೆ. ಆ ನೀರು ಸೌತೆಕಾಯಿಯ ಜೀವಕೋಶಗಳ ಒಳಗಿಂದ, ಅವನ್ನು ಸುತ್ತಿರುವ ತೆಳ್ಳನೆಯ ಪೊರೆ ದಾಟಿ ಬಂದದ್ದು. ಹೀಗೆ ನೀರು ಪೊರೆ ದಾಟುವುದೇ ಅಭಿಸರಣೆ.

ಈ ಪಾಠವನ್ನು ಚಿತ್ರ ನೋಡಿ ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿದ ಮಾರನೇ ದಿನ ಮರೆತುಹೋಗುತ್ತದೆ. ನೆನಪಿನಲ್ಲಿ ಉಳಿಯಬೇಕಾದರೆ ಒಂದೇ ದಾರಿ. ಪೊರೆ ಚೆನ್ನಾಗಿದ್ದಾಗ ಏನಾಗುತ್ತದೆ, ಅದು ಕೆಟ್ಟಾಗ ಏನಾಗುತ್ತದೆ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕಣ್ಣಾರೆ ನೋಡಬೇಕು. ಒಂದನ್ನೇ ನೋಡಿದರೆ ಪೊರೆ ಏನು ಮಾಡುತ್ತಿದೆ ಅಂತ ತಿಳಿಯುವುದಿಲ್ಲ. ಕೆಳಗಿನ ಪ್ರಯೋಗಗಳನ್ನು ಆ ಲೆಕ್ಕದಲ್ಲೇ ಜೋಡಿಸಿದ್ದೇನೆ. ಒಂದು ಶನಿವಾರ, ಭಾನುವಾರ ಸಾಕು. ಮಕ್ಕಳ ಜೊತೆ ಅಪ್ಪ ಅಮ್ಮನೂ ಕೂರಬಹುದು, ಮೇಷ್ಟ್ರುಗಳು ತರಗತಿಯಲ್ಲೂ ಮಾಡಿಸಬಹುದು.

ಮೊದಲು ಪೊರೆಯ ಬಗ್ಗೆ ಇಷ್ಟು ತಿಳಿದಿರಲಿ

ಕೋಶಪೊರೆಯ ದಪ್ಪ ಸುಮಾರು 7ರಿಂದ 8 ನ್ಯಾನೋಮೀಟರ್. ಒಂದು ಮಿಲಿಮೀಟರ್ ದಪ್ಪ ಆಗಬೇಕಾದರೆ ಇಂಥ ಲಕ್ಷಕ್ಕೂ ಹೆಚ್ಚು ಪೊರೆಗಳನ್ನು ಒಂದರ ಮೇಲೊಂದು ಪೇರಿಸಬೇಕು. ಇಷ್ಟು ತೆಳ್ಳಗಿರುವ ಈ ಪೊರೆ ಕೊಬ್ಬಿನ ಜಾತಿಯ ಅಣುಗಳ ಎರಡು ಪದರದಿಂದ ಆಗಿದೆ. ಪ್ರತಿ ಅಣುವಿಗೂ ನೀರಿಗೆ ಒಗ್ಗುವ ಒಂದು ತಲೆ, ನೀರಿಗೆ ಒಗ್ಗದ ಎರಡು ಬಾಲ. ತಲೆಗಳು ಒಳಗಿನ ಮತ್ತು ಹೊರಗಿನ ನೀರಿನ ಕಡೆ ಮುಖ ಮಾಡುತ್ತವೆ. ಬಾಲಗಳು ನಡುವೆ ಸೇರಿಕೊಳ್ಳುತ್ತವೆ.

ಎರಡೇ ಪದರ ಅಂತ ಗೊತ್ತಾದದ್ದು 1925ರಲ್ಲಿ. ನೆದರ್ಲೆಂಡ್ಸ್‌ನ ಗಾರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳಿಂದ ಕೊಬ್ಬನ್ನು ಬೇರ್ಪಡಿಸಿ ನೀರಿನ ಮೇಲೆ ಒಂದೇ ಪದರವಾಗಿ ಹರಡಿದರು. ಅದು ಆ ಕಣಗಳ ಮೈಯಳತೆಯ ಸುಮಾರು ಎರಡರಷ್ಟು ಜಾಗ ಹಿಡಿಯಿತು. ಈ ಕೊಬ್ಬಿನ ಪದರದಲ್ಲಿ ಪ್ರೋಟೀನುಗಳು ಹುದುಗಿವೆ, ಅವು ಅಲ್ಲಿ ಜಾರಾಡುತ್ತಲೂ ಇರುತ್ತವೆ ಎಂಬ ಚಿತ್ರಣವನ್ನು 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಕೊಟ್ಟರು. ಇವತ್ತಿಗೂ ಪಠ್ಯಪುಸ್ತಕದಲ್ಲಿ ಇರುವುದು ಅದೇ ಚಿತ್ರಣ.

ಈ ಪೊರೆಯನ್ನು ಯಾರು ದಾಟಬಹುದು? ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಸಲೀಸಾಗಿ ನುಸುಳುತ್ತವೆ. ನೀರು ಕೊಬ್ಬಿನ ಪದರದ ಮೂಲಕ ನಿಧಾನಕ್ಕೆ ದಾಟುತ್ತದೆ, ಪ್ರೋಟೀನಿನ ನಾಳ ಸಿಕ್ಕರೆ ಬಹಳ ವೇಗವಾಗಿ ದಾಟುತ್ತದೆ. ಉಪ್ಪಿನ ಅಯಾನುಗಳಿಗೆ (ವಿದ್ಯುದಾವೇಶ ಇರುವ ಕಣಗಳಿಗೆ), ಸಕ್ಕರೆಗೆ ಕೊಬ್ಬಿನ ಮೂಲಕ ದಾರಿ ಇಲ್ಲವೆಂದೇ ಹೇಳಬೇಕು. ಅವಕ್ಕೆ ಅವುಗಳದ್ದೇ ಆದ ಪ್ರೋಟೀನು ಬೇಕು. ನೀರು ದಾಟುತ್ತದೆ, ಉಪ್ಪು ದಾಟುವುದಿಲ್ಲ. ಮುಂದಿನ ಅರ್ಧ ಕಥೆ ಇದರಲ್ಲೇ ಇದೆ.

ಬೇಕಾಗುವ ಸಾಮಾನು

ಬೀಟ್‌ರೂಟ್ ಒಂದು, ದೊಡ್ಡ ಆಲೂಗಡ್ಡೆ ನಾಲ್ಕೈದು, ಕೆಂಪು ಈರುಳ್ಳಿ ಒಂದು, ಪುಡಿ ಉಪ್ಪು, ಸಕ್ಕರೆ. ಒಂದೇ ಅಳತೆಯ ಗಾಜಿನ ಲೋಟ ಆರು. ಸ್ಟೀಲ್ ಲೋಟ ಬೇಡ, ಬಣ್ಣ ಕಾಣುವುದಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ. ನೀರು ಅಳೆಯಲು ಸೂಜಿ ಇಲ್ಲದ 10 ಮಿ.ಲೀ. ಸಿರಿಂಜು ಮತ್ತು ಗೆರೆ ಇರುವ ಅಳತೆಯ ಪಾತ್ರೆ. ಹತ್ತಿಬಟ್ಟೆ ಅಥವಾ ಟಿಶ್ಯೂ ಪೇಪರ್. ಶಾಲೆಯಲ್ಲಿ ಸೂಕ್ಷ್ಮದರ್ಶಕ ಇದ್ದರೆ ಸರಿ. ಇಲ್ಲದಿದ್ದರೆ ವಿಜ್ಞಾನಿ ಮನು ಪ್ರಕಾಶ್ ಅವರ ತಂಡ ರೂಪಿಸಿದ, ಕಾಗದ ಮಡಚಿ ಮಾಡುವ ಫೋಲ್ಡ್‌ಸ್ಕೋಪ್ ಕೂಡ ಈ ಕೆಲಸಕ್ಕೆ ಸಾಕಾಗುತ್ತದೆ.

ಹೆಚ್ಚುವ ಕೆಲಸವನ್ನು, ಬಿಸಿನೀರಿನ ಕೆಲಸವನ್ನು ದೊಡ್ಡವರು ಮಾಡಿ.

ಮೊದಲ ಹಂತ: ಬೀಟ್‌ರೂಟಿನ ಪೊರೆಯನ್ನು ಕೆಡಿಸಿ ನೋಡುವುದು

ಬೀಟ್‌ರೂಟಿನ ಕೆಂಪು ಬಣ್ಣ ಜೀವಕೋಶದೊಳಗಿನ ದೊಡ್ಡ ರಸಧಾನಿಯಲ್ಲಿ, ಅಂದರೆ ರಸ ತುಂಬಿದ ಚೀಲದಲ್ಲಿ ಇರುತ್ತದೆ. ರಸಧಾನಿಗೆ ಒಂದು ಪೊರೆ, ಅದರ ಆಚೆ ಕೋಶಪೊರೆ. ಎರಡೂ ಗಟ್ಟಿಯಾಗಿ ಇರುವವರೆಗೆ ಬಣ್ಣ ಹೊರಗೆ ಬರುವುದಿಲ್ಲ. ಹಾಗಾಗಿ ನೀರಿಗೆ ಬಣ್ಣ ಬಂತು ಅಂದರೆ ಪೊರೆ ಕೆಟ್ಟಿದೆ ಅಂತಲೇ ಅರ್ಥ.

ಸಿಪ್ಪೆ ತೆಗೆದ ಬೀಟ್‌ರೂಟನ್ನು ಒಂದೇ ಗಾತ್ರದ ಚೌಕ ತುಂಡುಗಳಾಗಿ ಹೆಚ್ಚಿ. ಒಂದು ಸೆಂಟಿಮೀಟರ್ ಅಳತೆ ಸರಿಯಾಗುತ್ತದೆ. ಈಗ ಬಹಳ ಜನ ಬಿಟ್ಟುಬಿಡುವ ಒಂದು ಕೆಲಸ ಇದೆ: ತುಂಡುಗಳನ್ನು ತಣ್ಣೀರಿನಲ್ಲಿ ಮತ್ತೆ ಮತ್ತೆ ತೊಳೆಯಿರಿ. ಚಾಕು ಹಾಯ್ದ ಕಡೆ ಕೋಶಗಳು ಒಡೆದಿರುತ್ತವೆ, ಅವುಗಳ ಬಣ್ಣ ಸುಮ್ನೆ ಸೋರುತ್ತಿರುತ್ತದೆ. ತೊಳೆದ ನೀರು ತಿಳಿಯಾಗುವವರೆಗೆ ತೊಳೆಯದಿದ್ದರೆ ಎಲ್ಲ ಲೋಟವೂ ಕೆಂಪಾಗಿ ಪ್ರಯೋಗ ಹಾಳಾಗುತ್ತದೆ.

ಲೋಟಗಳಿಗೆ ಸಮನಾಗಿ ನೀರು ಹಾಕಿ. ಒಂದಕ್ಕೆ ಫ್ರಿಜ್‌ನ ತಣ್ಣೀರು, ಇನ್ನೊಂದಕ್ಕೆ ಸಾಮಾನ್ಯ ನೀರು. ಮೂರನೆಯದಕ್ಕೆ ಒಂದು ಪಾಲು ಕುದಿಯುವ ನೀರು, ಎರಡು ಪಾಲು ಸಾಮಾನ್ಯ ನೀರು. ಇದು ಸುಮಾರು 50 ಡಿಗ್ರಿ ಆಗುತ್ತದೆ. ನಾಲ್ಕನೆಯದಕ್ಕೆ ಕುದಿಯುವ ನೀರು ಮತ್ತು ಸಾಮಾನ್ಯ ನೀರು ಸಮಸಮ, ಅಂದರೆ 60 ಡಿಗ್ರಿಯ ಆಸುಪಾಸು. ಬಿಸಿನೀರಿಗೆ ಲೋಟ ಸೀಳದಂತೆ ಮೊದಲು ಸಾಮಾನ್ಯ ನೀರು ಹಾಕಿ, ಆಮೇಲೆ ಕುದಿಯುವ ನೀರು ಸೇರಿಸಿ. ಐದನೆಯದಕ್ಕೆ ನೀರಿನ ಬದಲು ಕೈಗೆ ಹಚ್ಚುವ ಸ್ಯಾನಿಟೈಸರ್, ದ್ರವ ರೂಪದ್ದು. ಅದನ್ನು ಒಲೆಯ ಹತ್ತಿರ ತರಬೇಡಿ. ಆರನೆಯ ಲೋಟಕ್ಕೆ ಸಾಮಾನ್ಯ ನೀರೇ, ಆದರೆ ತುಂಡುಗಳು ಮಾತ್ರ ಹಿಂದಿನ ರಾತ್ರಿ ಫ್ರೀಜರ್‌ನಲ್ಲಿಟ್ಟು ತೆಗೆದವು. ಎಲ್ಲದಕ್ಕೂ ಐದೈದು ತುಂಡು ಹಾಕಿ, ಕಾಲು ಗಂಟೆ ಬಿಟ್ಟು ತುಂಡುಗಳನ್ನು ತೆಗೆದುಬಿಡಿ. ಲೋಟಗಳ ಹಿಂದೆ ಬಿಳಿ ಹಾಳೆ ಹಿಡಿದು ನೋಡಿ.

ತಣ್ಣೀರು, ಸಾಮಾನ್ಯ ನೀರು ಹೆಚ್ಚುಕಡಿಮೆ ತಿಳಿಯಾಗಿಯೇ ಇರುತ್ತವೆ. ಬಿಸಿ ಏರಿದ ಹಾಗೆ ಬಣ್ಣ ಒಂದೇ ಸಮನೆ ಏರುವುದಿಲ್ಲ. ಒಂದು ಹಂತದವರೆಗೆ ತಿಳಿ ಗುಲಾಬಿ, ಆಮೇಲೆ ದಿಢೀರನೆ ಕೆಂಪು. ಬಿಸಿಗೆ ಪೊರೆಯ ಪ್ರೋಟೀನುಗಳು ಆಕಾರ ಕಳೆದುಕೊಳ್ಳುತ್ತವೆ, ಕೊಬ್ಬಿನ ಪದರ ಸಡಿಲಾಗುತ್ತದೆ. ಸ್ಯಾನಿಟೈಸರ್‌ನ ಆಲ್ಕೋಹಾಲು ಕೊಬ್ಬಿನ ಪದರವನ್ನೇ ಕದಡುತ್ತದೆ. ಕೊರೊನಾ ವೈರಸ್ಸಿನ ಮೇಲೂ ಅದು ಕೆಲಸ ಮಾಡುವುದು ಹೀಗೆಯೇ, ಆ ವೈರಸ್ಸಿಗೂ ಕೊಬ್ಬಿನ ಹೊದಿಕೆ ಇದೆ. ಫ್ರೀಜರ್‌ನಲ್ಲಿಟ್ಟ ತುಂಡಿನಲ್ಲಿ ಮಂಜಿನ ಹರಳುಗಳು ಬೆಳೆದು ಪೊರೆಗಳನ್ನು ಹರಿದಿರುತ್ತವೆ. ಸಾಮಾನ್ಯ ನೀರಿನಲ್ಲೂ ಆ ತುಂಡು ಬಣ್ಣ ಬಿಡುವುದನ್ನು ನೋಡಿದರೆ, ಬಣ್ಣ ಬಿಡಿಸಿದ್ದು ನೀರಿನ ಬಿಸಿ ಮಾತ್ರ ಅಲ್ಲ, ಪೊರೆ ಕೆಟ್ಟಿದ್ದೇ ಕಾರಣ ಅಂತ ಮಗುವೇ ಹೇಳುತ್ತದೆ.

ಬೀಟ್‌ರೂಟನ್ನು ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿ ಆಮೇಲೆ ಹೆಚ್ಚಿ ಅಂತ ಮನೆಯಲ್ಲಿ ಹಿರಿಯರು ಹೇಳುವುದಕ್ಕೆ ಕಾರಣ ಇಲ್ಲಿದೆ. ಬೇಯುವಾಗ ಪೊರೆ ಹೇಗೂ ಕೆಡುತ್ತದೆ. ಸಿಪ್ಪೆ ಇದ್ದರೆ ಬಣ್ಣ ನೀರಿಗೆ ಹೋಗಲು ದಾರಿ ಕಡಿಮೆ.

ಎರಡನೇ ಹಂತ: ಆಲೂಗಡ್ಡೆ ತೂಗುವುದು

ಒಂದೇ ಪ್ರಯೋಗಕ್ಕೆ ಸಮಯ ಇದೆ ಅನ್ನುವವರು ಇದನ್ನೇ ಮಾಡಿ. ಇದರಲ್ಲಿ ಕಣ್ಣಿಗೆ ಕಾಣುವ ಬದಲಾವಣೆ ಜೊತೆಗೆ ಒಂದು ಸಂಖ್ಯೆಯೂ ಸಿಗುತ್ತದೆ.

ಮೊದಲು ಉಪ್ಪುನೀರು. 20 ಗ್ರಾಂ ಪುಡಿ ಉಪ್ಪನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಆಮೇಲೆ ಒಟ್ಟು ಅರ್ಧ ಲೀಟರ್ ಆಗುವಷ್ಟು ನೀರು ಸೇರಿಸಿ. ಇದು ಶೇ. 4ರ ದ್ರಾವಣ. ಐದು ಲೋಟಕ್ಕೆ ಚೀಟಿ ಅಂಟಿಸಿ: 0, 0.5, 1, 2, 4. ಸೊನ್ನೆಯ ಲೋಟಕ್ಕೆ 200 ಮಿ.ಲೀ. ಬರೀ ನೀರು. 0.5ರ ಲೋಟಕ್ಕೆ 25 ಮಿ.ಲೀ. ಉಪ್ಪುನೀರು, 175 ಮಿ.ಲೀ. ನೀರು. 1ರ ಲೋಟಕ್ಕೆ 50 ಮತ್ತು 150. 2ರ ಲೋಟಕ್ಕೆ ನೂರು, ನೂರು. 4ರ ಲೋಟಕ್ಕೆ 200 ಮಿ.ಲೀ. ಉಪ್ಪುನೀರೇ.

ಆಲೂಗಡ್ಡೆಯ ಸಿಪ್ಪೆ ಪೂರ್ತಿ ತೆಗೆಯಿರಿ, ಸಿಪ್ಪೆ ಇದ್ದ ಕಡೆ ನೀರು ಸರಿಯಾಗಿ ಓಡಾಡುವುದಿಲ್ಲ. ಐದು ಸೆಂಟಿಮೀಟರ್ ಉದ್ದದ, ಅರ್ಧ ಸೆಂಟಿಮೀಟರ್ ದಪ್ಪದ ಕಡ್ಡಿಗಳಾಗಿ ಹೆಚ್ಚಿ. ಒಂದು ಆಲೂಗಡ್ಡೆಯಿಂದ ಇನ್ನೊಂದಕ್ಕೆ ವ್ಯತ್ಯಾಸ ಇರುತ್ತದೆ, ಅದಕ್ಕೇ ಎಲ್ಲ ಕಡ್ಡಿಗಳನ್ನೂ ಒಟ್ಟಿಗೆ ಕಲಸಿ ಐದು ಗುಂಪು ಮಾಡಿ. ಪ್ರತಿ ಗುಂಪು ಸುಮಾರು 50 ಗ್ರಾಂ ಇರಲಿ. ಮನೆಯ ತಕ್ಕಡಿ 1 ಗ್ರಾಂಗಿಂತ ಕಡಿಮೆ ತೋರಿಸುವುದಿಲ್ಲ, ಹಾಗಾಗಿ ಒಂದೊಂದೇ ಕಡ್ಡಿ ತೂಗಿದರೆ ಏನೂ ಗೊತ್ತಾಗುವುದಿಲ್ಲ. ತೂಗುವ ಮೊದಲು ಬಟ್ಟೆಯಿಂದ ಒತ್ತಿ ಒರೆಸಿ. ಹಿಂಡಬೇಡಿ. ತೂಕ ಬರೆದುಕೊಂಡು ಲೋಟಕ್ಕೆ ಹಾಕಿ.

ಎರಡು ಗಂಟೆ ಬಿಡಿ. ರಾತ್ರಿಯಿಡೀ ಬಿಡುವುದು ಬೇಡ. ನಮ್ಮ ಸೆಕೆಗೆ ಬರೀ ನೀರಿನಲ್ಲಿದ್ದ ಕಡ್ಡಿ ಹುಳಿಯಲು ಶುರುವಾಗುತ್ತದೆ. ಜಾಸ್ತಿ ಉಪ್ಪಿನಲ್ಲಿದ್ದ ಕೋಶಗಳು ಸತ್ತು ಪೊರೆ ಸೋರತೊಡಗುತ್ತದೆ. ಆಮೇಲೆ ಬರುವ ತೂಕಕ್ಕೆ ಅರ್ಥ ಇರುವುದಿಲ್ಲ.

ತೆಗೆದ ಕೂಡಲೇ ಕಡ್ಡಿಗಳನ್ನು ಕೈಯಲ್ಲಿ ಹಿಡಿದು ಬಗ್ಗಿಸಿ. ಬರೀ ನೀರಿನಲ್ಲಿದ್ದದ್ದು ಬಿಗಿಯಾಗಿ, ಪಟ್ಟನೆ ಮುರಿಯುವ ಹಾಗಿರುತ್ತದೆ. 4ರ ಲೋಟದ್ದು ಮೆತ್ತಗೆ, ಜೋತುಬೀಳುತ್ತದೆ, ಬಗ್ಗಿಸಿದರೂ ಮುರಿಯುವುದಿಲ್ಲ. ಮುಂಚಿನ ಹಾಗೇ ಒರೆಸಿ ತೂಗಿ. ಈಗ ಲೆಕ್ಕ: ಕೊನೆಯ ತೂಕದಿಂದ ಮೊದಲ ತೂಕ ಕಳೆದು, ಬಂದದ್ದನ್ನು ಮೊದಲ ತೂಕದಿಂದ ಭಾಗಿಸಿ, ನೂರರಿಂದ ಗುಣಿಸಿ. 50 ಗ್ರಾಂ ಇದ್ದದ್ದು 53 ಆದರೆ ಶೇ. 6 ಹೆಚ್ಚಳ. 50 ಇದ್ದದ್ದು 45 ಆದರೆ ಶೇ. 10 ಇಳಿಕೆ. ಗುಂಪುಗಳ ಮೊದಲ ತೂಕ ಒಂದೇ ಇರುವುದಿಲ್ಲವಲ್ಲ, ಅದಕ್ಕೇ ಗ್ರಾಂ ಬಿಟ್ಟು ಶೇಕಡಾ ಲೆಕ್ಕ.

ಗ್ರಾಫ್ ಹಾಳೆಯಲ್ಲಿ ಅಡ್ಡಗೆರೆಗೆ ಉಪ್ಪಿನ ಪ್ರಮಾಣ, ಉದ್ದಗೆರೆಗೆ ತೂಕದ ಬದಲಾವಣೆ ಗುರುತಿಸಿ ಬಿಂದುಗಳನ್ನು ಸೇರಿಸಿ. ಗೆರೆ ಹೆಚ್ಚಳದಿಂದ ಇಳಿಕೆಗೆ ದಾಟುವಾಗ ಒಂದು ಕಡೆ ಸೊನ್ನೆಯನ್ನು ಮುಟ್ಟುತ್ತದೆ. ಅಲ್ಲಿ ತೂಕ ಏರಲೂ ಇಲ್ಲ, ಇಳಿಯಲೂ ಇಲ್ಲ. ಆಲೂಗಡ್ಡೆಯ ಕೋಶದೊಳಗೆ ಕರಗಿರುವ ಎಲ್ಲ ವಸ್ತುಗಳೂ ಸೇರಿ ಎಷ್ಟು ಎಳೆಯುತ್ತವೋ, ಹೊರಗಿನ ಉಪ್ಪುನೀರೂ ಅಷ್ಟೇ ಎಳೆಯುತ್ತಿದೆ ಅಂತ ಇದರ ಅರ್ಥ. ಸಾಮಾನ್ಯವಾಗಿ ಈ ಬಿಂದು ಶೇ. 1ರ ಆಸುಪಾಸಿನಲ್ಲಿ ಬರುತ್ತದೆ. ಕೋಶದ ಒಳಗೆ ಏನನ್ನೂ ಇಳಿಸದೆ, ಅಡುಗೆಮನೆಯ ತಕ್ಕಡಿಯಿಂದ ಕೋಶದ ಒಳಗಿನ ಅಳತೆ ತೆಗೆದಿದ್ದೀರಿ. ನನಗೆ ಈ ಪ್ರಯೋಗ ಇಷ್ಟವಾಗುವುದು ಇದೇ ಕಾರಣಕ್ಕೆ.

ಸೊನ್ನೆಯ ಬಿಂದುವಿನಲ್ಲಿ ನೀರು ನಿಂತುಹೋಗಿದೆ ಅಂತ ಮಾತ್ರ ಮಕ್ಕಳಿಗೆ ಹೇಳಬೇಡಿ. ನೀರಿನ ಅಣುಗಳು ಯಾವಾಗಲೂ ಎರಡೂ ದಿಕ್ಕಿಗೆ ಓಡಾಡುತ್ತಲೇ ಇರುತ್ತವೆ. ಒಳಗೆ ಹೋಗುವಷ್ಟೇ ಹೊರಗೂ ಬರುತ್ತವೆ, ಅಷ್ಟೇ. ಅಭಿಸರಣೆ ಅಂದರೆ ಒಟ್ಟು ಲೆಕ್ಕದಲ್ಲಿ ನೀರು ಕರಗಿದ ವಸ್ತು ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ಪೊರೆ ದಾಟುವುದು. ‘ಒಟ್ಟು ಲೆಕ್ಕದಲ್ಲಿ’ ಎನ್ನುವ ಮಾತನ್ನು ಉತ್ತರಪತ್ರಿಕೆಯಲ್ಲೂ ಬಿಡಬಾರದು.

ಕಡ್ಡಿ ತೆಳ್ಳಗಿರಬೇಕು ಅಂದದ್ದಕ್ಕೂ ಕಾರಣ ಇದೆ. ಅಣುಗಳು ತಾವಾಗಿಯೇ ಹರಡಿಕೊಳ್ಳುವುದಕ್ಕೆ ವಿಸರಣೆ ಅನ್ನುತ್ತೇವೆ. ದೂರ ಹತ್ತರಷ್ಟಾದರೆ ಅದಕ್ಕೆ ಬೇಕಾದ ಸಮಯ ನೂರರಷ್ಟಾಗುತ್ತದೆ. ನೀರಿನಲ್ಲಿರುವ ಒಂದು ಚಿಕ್ಕ ಅಣು ಕೋಶದ ಅಳತೆಯ ದೂರವನ್ನು, ಅಂದರೆ 10 ಮೈಕ್ರೋಮೀಟರನ್ನು ಸೆಕೆಂಡಿನ ಸಣ್ಣ ಭಾಗದಲ್ಲಿ ದಾಟುತ್ತದೆ. ಒಂದು ಮಿಲಿಮೀಟರಿಗೆ ಸುಮಾರು 8 ನಿಮಿಷ, ಒಂದು ಸೆಂಟಿಮೀಟರಿಗೆ ಹೆಚ್ಚುಕಡಿಮೆ 14 ಗಂಟೆ. ದಪ್ಪ ತುಂಡು ಹಾಕಿದರೆ ಅದರ ನಡುಭಾಗಕ್ಕೆ ಹೊರಗಿನ ಉಪ್ಪಿನ ವಿಷಯವೇ ಮುಟ್ಟಿರುವುದಿಲ್ಲ. ಜೀವಕೋಶಗಳು ಯಾಕೆ ಅಷ್ಟು ಚಿಕ್ಕವು, ಶ್ವಾಸಕೋಶದ ಗಾಳಿಗೂಡುಗಳ ಗೋಡೆ ಯಾಕೆ ಅಷ್ಟು ತೆಳು ಅನ್ನುವುದಕ್ಕೂ ಇದೇ ಲೆಕ್ಕ ಉತ್ತರ.

ಸಕ್ಕರೆಯಲ್ಲೂ ಮಾಡಬಹುದು. ಆದರೆ ಶೇ. 1ರ ಉಪ್ಪು ಮಾಡುವ ಕೆಲಸಕ್ಕೆ ಸುಮಾರು ಶೇ. 10ರಿಂದ 11ರಷ್ಟು ಸಕ್ಕರೆ ಬೇಕು. ಅಭಿಸರಣೆಗೆ ತೂಕ ಮುಖ್ಯವಲ್ಲ, ಕಣಗಳ ಸಂಖ್ಯೆ ಮುಖ್ಯ. ಸಕ್ಕರೆಯ ಅಣು ದೊಡ್ಡದು, ಒಂದು ಗ್ರಾಂನಲ್ಲಿ ಕಡಿಮೆ ಅಣುಗಳಿರುತ್ತವೆ. ಉಪ್ಪು ಚಿಕ್ಕದು, ಸಾಲದ್ದಕ್ಕೆ ನೀರಿಗೆ ಬಿದ್ದರೆ ಸೋಡಿಯಂ, ಕ್ಲೋರೈಡ್ ಎಂದು ಎರಡಾಗುತ್ತದೆ.

ಈಗ ಕೆಟ್ಟ ಪೊರೆಯ ಸರದಿ. ಇನ್ನೊಂದು ಹಸಿ ಆಲೂಗಡ್ಡೆ, ಬೇಯಿಸಿ ಆರಿಸಿದ ಒಂದು ಆಲೂಗಡ್ಡೆ ತೆಗೆದುಕೊಳ್ಳಿ. ಎರಡನ್ನೂ ಅರ್ಧಕ್ಕೆ ಕತ್ತರಿಸಿ, ತಳದ ಸಿಪ್ಪೆ ತೆಗೆದು, ಮೇಲೆ ಬಟ್ಟಲಿನ ಹಾಗೆ ಗುಳಿ ತೋಡಿ. ತಟ್ಟೆಯಲ್ಲಿ ಬೆರಳು ದಪ್ಪ ನೀರು ಹಾಕಿ ಅದರಲ್ಲಿ ನಿಲ್ಲಿಸಿ. ಎರಡೂ ಗುಳಿಗೆ ಒಂದೊಂದು ಚಮಚ ಸಕ್ಕರೆ. ಕೆಲವು ಗಂಟೆ ಬಿಟ್ಟು ನೋಡಿದರೆ ಹಸಿ ಆಲೂಗಡ್ಡೆಯ ಗುಳಿಯಲ್ಲಿ ನೀರು ತುಂಬಿರುತ್ತದೆ. ಬೆಂದದ್ದರಲ್ಲಿ ಸಕ್ಕರೆ ಒದ್ದೆಯಾಗಬಹುದು, ಆದರೆ ನೀರು ತುಂಬಿ ನಿಲ್ಲುವುದಿಲ್ಲ. ಸಕ್ಕರೆ ಅದೇ, ನೀರು ಅದೇ, ಆಲೂಗಡ್ಡೆಯೂ ಅದೇ. ಬೆಂದದ್ದರಲ್ಲಿ ಆಯ್ದು ಬಿಡುವ ಪೊರೆ ಮಾತ್ರ ಇಲ್ಲ.

ಈ ಪ್ರಯೋಗ ಅರ್ಥವಾದರೆ ಹೊಲದ ವಿಷಯವೂ ಅರ್ಥವಾಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವುಳು ಬಿದ್ದ ಭೂಮಿಯಲ್ಲಿ ನೀರಿಗೆ ಬರ ಇರುವುದಿಲ್ಲ, ಆದರೂ ಪೈರು ಬಾಡುತ್ತದೆ. ಮಣ್ಣಿನ ನೀರಿನಲ್ಲಿ ಲವಣ ಜಾಸ್ತಿಯಾದಾಗ ಬೇರಿನ ಕೋಶಗಳು ಆ ನೀರನ್ನು ಎಳೆದುಕೊಳ್ಳಲಾರವು. ಕುಂಡದ ಗಿಡಕ್ಕೆ ಒಂದು ಹಿಡಿ ಯೂರಿಯಾ ಸುರಿದರೆ ಎಲೆಯ ಅಂಚು ಸುಡುವುದೂ ಇದರಿಂದಲೇ. ಮಲೆನಾಡಿನಲ್ಲಿ ಮಾವಿನ ಮಿಡಿಗೆ ಕಲ್ಲುಪ್ಪು ಹಾಕಿ ಭರಣಿಯಲ್ಲಿಟ್ಟರೆ ಮಿಡಿ ನೀರು ಬಿಟ್ಟು ಸುಕ್ಕಾಗುತ್ತದೆ. ಅಲ್ಲಿಗೆ ಬರುವ ಬ್ಯಾಕ್ಟೀರಿಯಾದ ಕೋಶದಿಂದಲೂ ಆ ಉಪ್ಪು ನೀರೆಳೆಯುತ್ತದೆ. ಮಿಡಿ ವರ್ಷಗಟ್ಟಲೆ ಕೆಡದೆ ಉಳಿಯಲು ಅದೂ ಒಂದು ಕಾರಣ.

ಮೂರನೇ ಹಂತ: ಈರುಳ್ಳಿಯ ಸಿಪ್ಪೆಯಲ್ಲಿ ಪೊರೆಯನ್ನೇ ನೋಡುವುದು

ಇಲ್ಲಿಯವರೆಗೆ ಕಂಡದ್ದು ಪೊರೆಯ ಕೆಲಸ. ಪೊರೆ ಸರಿಯುವುದನ್ನೇ ನೋಡಬೇಕು ಅಂದರೆ ಸೂಕ್ಷ್ಮದರ್ಶಕ ಬೇಕು.

ಕೆಂಪು ಈರುಳ್ಳಿಯ ಒಂದು ದಪ್ಪ ಪದರ ತೆಗೆದುಕೊಳ್ಳಿ. ಅದರ ಉಬ್ಬಿದ ಹೊರಮೈ ನೇರಳೆ ಬಣ್ಣ ಇರುತ್ತದೆ. ಪಿಯು ಲ್ಯಾಬ್‌ಗಳಲ್ಲಿ ಹೆಚ್ಚಾಗಿ ಒಳಮೈಯ ಬಿಳಿ ಸಿಪ್ಪೆ ತೆಗೆಸುತ್ತಾರೆ, ಅದು ಸುಲಭವಾಗಿ ಬರುತ್ತದೆ. ನಮಗೆ ಅದು ಬೇಡ, ಬಣ್ಣ ಇರುವ ಹೊರಮೈ ಬೇಕು. ಬ್ಲೇಡಿನಿಂದ ಮೇಲುಮೇಲೆ ಚಿಕ್ಕ ಚೌಕ ಗೀರಿ, ಒಂದು ಮೂಲೆಯಿಂದ ಚಿಮಟದಲ್ಲಿ ನಿಧಾನಕ್ಕೆ ಎಳೆಯಿರಿ. ಸಿಪ್ಪೆ ಎಲ್ಲಿ ತೀರಾ ತೆಳ್ಳಗೆ ಬಂದಿದೆಯೋ ಆ ಭಾಗವನ್ನೇ ನೋಡಿ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರು, ಅದರ ಮೇಲೆ ಸಿಪ್ಪೆ, ಗುಳ್ಳೆ ಸೇರದ ಹಾಗೆ ಮೇಲೆ ಕವರ್‌ಸ್ಲಿಪ್. ಈರುಳ್ಳಿ ಹೊಂದದಿದ್ದರೆ ರಿಯೋ ಎಂಬ ಅಲಂಕಾರದ ಗಿಡದ ಎಲೆಯ ಅಡಿಭಾಗದ ನೇರಳೆ ಸಿಪ್ಪೆಯೂ ಆಗುತ್ತದೆ.

ಮೊದಲು ಕಾಣುವುದು ಸಾಲುಸಾಲು ಉದ್ದನೆಯ ಕೋಣೆಗಳು. ಪ್ರತಿ ಕೋಣೆಯಲ್ಲೂ ಅಂಚಿನಿಂದ ಅಂಚಿನವರೆಗೆ ನೇರಳೆ ಬಣ್ಣ. ಈಗ ಕವರ್‌ಸ್ಲಿಪ್‌ನ ಒಂದು ಅಂಚಿಗೆ ಶೇ. 5ರ ಉಪ್ಪುನೀರಿನ ಹನಿ ಇಡಿ. ಎದುರಿನ ಅಂಚಿಗೆ ಟಿಶ್ಯೂ ಪೇಪರ್ ಮುಟ್ಟಿಸಿ. ಪೇಪರು ಆ ಕಡೆಯಿಂದ ನೀರು ಹೀರಿದ ಹಾಗೆ ಈ ಕಡೆಯಿಂದ ಉಪ್ಪುನೀರು ಸಿಪ್ಪೆಯ ಮೇಲೆ ಹಾಯುತ್ತದೆ. ಕಣ್ಣು ತೆಗೆಯಬೇಡಿ. ಸ್ವಲ್ಪ ಹೊತ್ತಿನಲ್ಲೇ ಒಂದು ಕೋಣೆಯ ಮೂಲೆಯಲ್ಲಿ ಬಣ್ಣ ಅಂಚು ಬಿಡುತ್ತದೆ. ಆಮೇಲೆ ಇನ್ನೊಂದು ಮೂಲೆ. ನೇರಳೆ ಬಣ್ಣ ಕುಗ್ಗುತ್ತಾ, ಗಾಢವಾಗುತ್ತಾ ನಡುವಿಗೆ ಸರಿಯುತ್ತದೆ. ಕೋಣೆಯ ಗೋಡೆ ಮಾತ್ರ ಇದ್ದ ಜಾಗದಲ್ಲೇ ಇರುತ್ತದೆ. ಇದೇ ಪ್ಲಾಸ್ಮೊಲಿಸಿಸ್.

ಈ ಹೊತ್ತಿಗೆ ಒಂದು ಪ್ರಶ್ನೆ ಕೇಳಿ: ಗೋಡೆಗೂ ಕುಗ್ಗಿದ ಪೊರೆಗೂ ನಡುವೆ ಈಗ ಏನಿದೆ? ಗಾಳಿ ಅಂತ ಕೆಲವರು, ಏನೂ ಇಲ್ಲ ಅಂತ ಕೆಲವರು ಹೇಳುತ್ತಾರೆ. ಅಲ್ಲಿರುವುದು ಉಪ್ಪುನೀರು. ಕೋಶಭಿತ್ತಿ, ಅಂದರೆ ಆ ಗೋಡೆ, ಉಪ್ಪನ್ನೂ ನೀರನ್ನೂ ತಡೆಯುವುದಿಲ್ಲ, ತಡೆಯುವುದು ಪೊರೆ. ಭಿತ್ತಿ ಮತ್ತು ಪೊರೆ ಬೇರೆ ಬೇರೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಜಾಸ್ತಿ ಹೊತ್ತು ಬಿಡದೆ ಅದೇ ರೀತಿಯಲ್ಲಿ ಬರೀ ನೀರು ಹಾಯಿಸಿ. ಬಣ್ಣ ಮತ್ತೆ ಹಿಗ್ಗಿ ಗೋಡೆ ಮುಟ್ಟಿದರೆ ಪೊರೆ ಇನ್ನೂ ಚೆನ್ನಾಗಿದೆ ಅಂತ ಅರ್ಥ. ಇನ್ನೊಂದು ಸಿಪ್ಪೆಯನ್ನು ಮೊದಲೇ ಸ್ಯಾನಿಟೈಸರ್‌ನಲ್ಲಿ ಅದ್ದಿ ಹೀಗೆಯೇ ಮಾಡಿ ನೋಡಿ. ಬಣ್ಣವೇ ಸೋರಿಹೋಗುತ್ತದೆ, ಕುಗ್ಗುವುದೂ ಇಲ್ಲ, ಹಿಗ್ಗುವುದೂ ಇಲ್ಲ.

ಈರುಳ್ಳಿಯ ಕೋಶ ಬರೀ ನೀರಿನಲ್ಲಿ ಒಡೆಯುವುದಿಲ್ಲ, ಗೋಡೆ ಹಿಡಿದುಕೊಳ್ಳುತ್ತದೆ. ನಮ್ಮ ಕೆಂಪು ರಕ್ತಕಣಕ್ಕೆ ಗೋಡೆ ಇಲ್ಲ. ಬರೀ ನೀರಿಗೆ ಬಿದ್ದರೆ ಉಬ್ಬಿ ಒಡೆಯುತ್ತದೆ. ಅದಕ್ಕೇ ಆಸ್ಪತ್ರೆಯ ಸಲೈನ್ ಬಾಟಲಿಯ ಮೇಲೆ ಶೇ. 0.9 ಸೋಡಿಯಂ ಕ್ಲೋರೈಡ್ ಅಂತ ಬರೆದಿರುತ್ತದೆ. ಆ ಅಳತೆಯಲ್ಲಿ ಕಣಗಳು ಉಬ್ಬುವುದೂ ಇಲ್ಲ, ಸೊರಗುವುದೂ ಇಲ್ಲ.

ಮೊಟ್ಟೆಯ ಪ್ರಯೋಗದ ಬಗ್ಗೆ

ವಿನೆಗರ್‌ನಲ್ಲಿ ಒಂದೆರಡು ದಿನ ಇಟ್ಟು ಚಿಪ್ಪು ಕರಗಿಸಿದ ಮೊಟ್ಟೆಯನ್ನು ನೀರಿಗೆ ಹಾಕಿದರೆ ಉಬ್ಬುತ್ತದೆ, ಸಕ್ಕರೆ ಪಾಕಕ್ಕೆ ಹಾಕಿದರೆ ಸುಕ್ಕಾಗುತ್ತದೆ. ಮಕ್ಕಳಿಗೆ ಬಲು ಇಷ್ಟ. ಮಾಡಿ, ತೊಂದರೆಯಿಲ್ಲ. ಆದರೆ ಚಿಪ್ಪಿನ ಕೆಳಗಿನ ಆ ಪೊರೆ ಕೋಶಪೊರೆ ಅಲ್ಲ, ಪ್ರೋಟೀನಿನ ನಾರುಗಳಿಂದ ಆದದ್ದು. ನೀರನ್ನು ಬಿಟ್ಟು ದೊಡ್ಡ ಅಣುಗಳನ್ನು ತಡೆಯುವುದರಿಂದ ಮಾದರಿಯಾಗಿ ಕೆಲಸಕ್ಕೆ ಬರುತ್ತದೆ, ಅಷ್ಟೇ. ಆಲೂಗಡ್ಡೆ, ಈರುಳ್ಳಿಯಲ್ಲಿ ನಿಜವಾದ ಕೋಶಪೊರೆಯೇ ಸಿಗುವಾಗ ಮೊಟ್ಟೆಯನ್ನು ಮುಖ್ಯ ಪ್ರಯೋಗ ಮಾಡುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಮನೆಯಲ್ಲಿ ಕಾಣದ ದಾರಿಗಳು

ನೀರು ಕೊಬ್ಬಿನ ಪದರದ ಮೂಲಕ ನಿಧಾನಕ್ಕೆ ದಾಟುತ್ತದೆ ಅಂದೆ. ಆದರೆ ಕೆಂಪು ರಕ್ತಕಣ, ಮೂತ್ರಪಿಂಡದ ಕೋಶಗಳಲ್ಲಿ ಅದು ಓಡುವ ವೇಗ ನೋಡಿದರೆ ಬೇರೆ ದಾರಿ ಇರಲೇಬೇಕು ಅಂತ ವಿಜ್ಞಾನಿಗಳಿಗೆ ಬಹಳ ಕಾಲದಿಂದ ಅನುಮಾನ ಇತ್ತು. 1992ರಲ್ಲಿ ಅಮೆರಿಕದ ಪೀಟರ್ ಆಗ್ರೆ ಅವರ ತಂಡ ಒಂದು ಪ್ರೋಟೀನನ್ನು ಕಪ್ಪೆಯ ಅಂಡಕೋಶಗಳು ತಯಾರಿಸುವ ಹಾಗೆ ಮಾಡಿತು. ಸಾಮಾನ್ಯ ಅಂಡಕೋಶಗಳನ್ನು ಸಪ್ಪೆ ನೀರಿನಂಥ ದ್ರಾವಣಕ್ಕೆ ಹಾಕಿದರೆ ಹೆಚ್ಚೇನೂ ಆಗಲಿಲ್ಲ. ಈ ಪ್ರೋಟೀನು ಇದ್ದವು ಕೆಲವೇ ನಿಮಿಷಗಳಲ್ಲಿ ಉಬ್ಬಿ ಒಡೆದವು. ನೀರಿನ ನಾಳ ಸಿಕ್ಕಿತು. ಅದೇ ಅಕ್ವಾಪೋರಿನ್. ಇಂಥ ಒಂದು ನಾಳದಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ದಾಟುತ್ತವೆ. ಆಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಗ್ಲೂಕೋಸ್ ಕೂಡ ಪ್ರೋಟೀನಿನ ಸಹಾಯದಿಂದ, ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ದಾಟಬಲ್ಲದು. ಊಟದ ನಂತರ ಇನ್ಸುಲಿನ್ ಸ್ನಾಯುಕೋಶಗಳಿಗೆ ಹೇಳುವುದು ಇದನ್ನೇ: ಒಳಗೆ ಇಟ್ಟುಕೊಂಡಿರುವ ಗ್ಲೂಕೋಸ್ ಪ್ರೋಟೀನುಗಳನ್ನು ಪೊರೆಗೆ ತನ್ನಿ. ಇನ್ಸುಲಿನ್ ಮಾತು ಕೋಶಕ್ಕೆ ಕೇಳಿಸದಿದ್ದಾಗ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಈ ದಾಟುವಿಕೆಗಳಿಗೆ ಕೋಶ ಶಕ್ತಿ ಖರ್ಚು ಮಾಡಬೇಕಿಲ್ಲ.

ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ತಳ್ಳಬೇಕಾದರೆ ಮಾತ್ರ ಖರ್ಚಿದೆ. 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ಕಾಲಿನ ನರಗಳಲ್ಲಿ ಅಂಥ ಒಂದು ಪಂಪನ್ನು ಗುರುತಿಸಿದರು, 1997ರಲ್ಲಿ ಅವರಿಗೂ ನೊಬೆಲ್ ಬಂತು. ಕೋಶಕ್ಕೆ ಶಕ್ತಿ ಕೊಡುವ ಅಣುವಾದ ಎಟಿಪಿ ಒಂದು ಖರ್ಚಾದರೆ ಆ ಪಂಪು 3 ಸೋಡಿಯಂ ಅಯಾನುಗಳನ್ನು ಹೊರಗೆ ಹಾಕಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ. ನಾವು ಸುಮ್ಮನೆ ಮಲಗಿದ್ದರೂ ದೇಹದ ಶಕ್ತಿಯ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ. ಮನೆಯ ಮೋಟಾರು ಕರೆಂಟು ಉಪಯೋಗಿಸಿ ಸಂಪಿನ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸಿದರೆ, ಆಮೇಲೆ ನಲ್ಲಿ ತಿರುಗಿಸಿದಾಗ ನೀರು ತಾನಾಗಿಯೇ ಇಳಿಯುತ್ತದಲ್ವಾ? ಹಾಗೆಯೇ ಪಂಪು ಹೊರಗೆ ಹಾಕಿದ ಸೋಡಿಯಂ ಮತ್ತೆ ಒಳಗೆ ಇಳಿಯಲು ಕಾದಿರುತ್ತದೆ. ಇಳಿಯುವಾಗ ಬೇರೆ ವಸ್ತುಗಳನ್ನೂ ಜೊತೆಗೆ ಕರೆದುಕೊಂಡು ಬರುತ್ತದೆ.

ಪ್ರೋಟೀನಿನ ದಾರಿಯಲ್ಲಿ ಹಿಡಿಸದಷ್ಟು ದೊಡ್ಡದಾದರೆ ಪೊರೆ ಅದನ್ನು ಸುತ್ತುವರಿದು ಚೀಲ ಮಾಡಿ ಒಳಗೆ ಎಳೆದುಕೊಳ್ಳುತ್ತದೆ. ಬಿಳಿ ರಕ್ತಕಣ ಬ್ಯಾಕ್ಟೀರಿಯಾವನ್ನು ನುಂಗುವುದು ಹೀಗೆ.

ಕೊನೆಯ ಹಂತ: ಉಪ್ಪು, ಸಕ್ಕರೆ ಎರಡೂ ಸೇರಿದ ನೀರು

ನಮ್ಮ ಸಣ್ಣ ಕರುಳಿನ ಕೋಶಗಳ ಪೊರೆಯಲ್ಲಿ ಒಂದು ಪ್ರೋಟೀನು ಇದೆ. ಅದು 2 ಸೋಡಿಯಂ ಅಯಾನುಗಳ ಜೊತೆ 1 ಗ್ಲೂಕೋಸ್ ಅಣುವನ್ನು ಒಳಗೆ ತರುತ್ತದೆ. ಸೋಡಿಯಂ ಮತ್ತು ಗ್ಲೂಕೋಸ್ ಹೀಗೆ ಜೋಡಿಯಾಗಿ ದಾಟುತ್ತವೆ ಎಂದು 1960ರಲ್ಲಿ ರಾಬರ್ಟ್ ಕ್ರೇನ್ ಹೇಳಿದರು. ಎರಡೂ ಒಳಗೆ ಬಂದರೆ ಅವುಗಳ ಹಿಂದೆ ನೀರೂ ಬರುತ್ತದೆ.

ಕಾಲರಾದ ವಿಷ ಕರುಳಿನ ಕೋಶಗಳಿಂದ ಕ್ಲೋರೈಡನ್ನು ಹೊರಗೆ ಸುರಿಯುವ ಹಾಗೆ ಮಾಡುತ್ತದೆ. ಅದರ ಹಿಂದೆ ಸೋಡಿಯಂ, ನೀರು ಎರಡೂ ಹೊರಗೆ ಹೋಗುತ್ತವೆ. ಆದರೆ ಆ ವಿಷ ಈ ಜೋಡಿದಾರಿಯನ್ನು ಮುಚ್ಚುವುದಿಲ್ಲ. ಬರೀ ನೀರು ಕುಡಿಸಿದರೆ ಸಾಲದು, ಉಪ್ಪು ಸಕ್ಕರೆ ಸೇರಿಸಿ ಕುಡಿಸಿದರೆ ದೇಹ ಹಿಡಿದುಕೊಳ್ಳುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾದಿಂದ ಸಾಯುತ್ತಿದ್ದರು. ಸಲೈನ್ ಬಾಟಲಿಗಳು ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ. 30ರ ಹತ್ತಿರ ಇದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಕೊಟ್ಟರು.

ಇಂಥ ಉಪ್ಪು ಸಕ್ಕರೆ ನೀರೇ ಓಆರ್‌ಎಸ್. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಅಳತೆ ಒಂದು ಲೀಟರಿಗೆ ಹೀಗಿದೆ: ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಮನೆಯಲ್ಲಿ ಭೇದಿ ಶುರುವಾದರೆ ಪೊಟ್ಟಣದ ಓಆರ್‌ಎಸ್ಸೇ ಒಳ್ಳೆಯದು, ಅದರಲ್ಲಿ ಪೊಟ್ಯಾಸಿಯಂ ಇದೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಸಿಗುತ್ತದೆ. ಪೊಟ್ಟಣ ಒಂದು ಲೀಟರಿನದೋ, 200 ಮಿ.ಲೀ.ಯದೋ ಮೊದಲು ಓದಿ. ಪೊಟ್ಟಣ ಸಿಗದ ಹೊತ್ತಿನಲ್ಲಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಟೀ ಚಮಚದಲ್ಲಿ ತಲೆ ಸವರಿದ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಜಾಸ್ತಿ ಹಾಕಿದರೆ ಇನ್ನೂ ಒಳ್ಳೆಯದು ಅಂತ ಅಂದುಕೊಳ್ಳಬೇಡಿ. 4ರ ಲೋಟದ ಆಲೂಗಡ್ಡೆ ಏನಾಯಿತು ನೋಡಿದ್ದೀರಿ. ಕರುಳಿನೊಳಗಿನ ನೀರು ದೇಹಕ್ಕಿಂತ ಗಟ್ಟಿಯಾದರೆ ದೇಹದ ನೀರೇ ಕರುಳಿಗೆ ಇಳಿಯುತ್ತದೆ, ಭೇದಿ ಹೆಚ್ಚುತ್ತದೆ. ಅಂಗಡಿಯ ಸಿಹಿ ಜ್ಯೂಸು, ಸೋಡಾ ಕೊಡಬಾರದು ಅನ್ನುವುದೂ ಇದಕ್ಕೇ. ಚಿಕ್ಕ ಮಕ್ಕಳಿಗೆ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಿ. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರುಮಾಡಿ. ಮಗು ಕುಡಿಯಲು ಆಗದಷ್ಟು ಸೊರಗಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಾಡಿಟ್ಟ ದ್ರಾವಣ 24 ಗಂಟೆಯವರೆಗೆ ಮಾತ್ರ, ಉಳಿದದ್ದನ್ನು ಚೆಲ್ಲಿ ಹೊಸದು ಮಾಡಿಕೊಳ್ಳಿ.